ಗುತ್ಯಮ್ಮನ ಮುಯ್ಯಾಳು

ಗುತ್ಯಮ್ಮ ಅರ್ಜಿಯ ನಕಲನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಮುಕ್ತಾರ್ ಅಹಮದನ ಚಹಾ ಲೋಟ ಉರುಳಿತು.

"ಓದ್ರಿ ಸಾಬ್ರೇ. ನೀವೇ ಬರ್ದಿದ್ದು, ನೀವೇ ಓದ್ರಿ."

ಸೊರಬದ ತಾಲ್ಲೂಕು ಕಚೇರಿಯೆದುರು ಮುಕ್ತಾರ್ ಅರ್ಜಿ ಬರೆಯಲು ಕೂತು ಒಂಬತ್ತು ವರ್ಷ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದ ಮೇಲಂತೂ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಗೇಣಿದಾರರು ಅರ್ಧ ಗಂಟೆ ಹೇಳಿ ಅತ್ತದ್ದನ್ನು ಅವನು ಫಾರಮ್ಮಿನ ಒಂದು ಗೆರೆಗೆ ಇಳಿಸುತ್ತಿದ್ದ. ಕಚೇರಿಗೆ ತಿಳಿಯುವುದು ಗೆರೆಯೊಳಗಿನದಷ್ಟೇ ಎಂಬುದು ಅವನ ವೇದಾಂತ. ಜನರ ಬಾಳು ಅದರಲ್ಲಿ ಹಿಡಿಸದಿದ್ದರೆ ಅದು ಜನರದೇ ತಪ್ಪು!

ಅವನು ಓದಿದ. "ಉಳುಮೆ, ಕೂಲಿಯಾಳುಗಳಿಂದ."

"ನಾನು ಅಂದಿದ್ದು ಮುಯ್ಯಾಳು. ಹೆಂಗ್ಸು ನೇಗಿಲು ಮುಟ್ಟಂಗಿಲ್ಲ ಅಂತ ಪಕ್ಕದ ಉಚ್ಚಂಗಪ್ಪ ನನ್ನ ಗದ್ದೆ ಹೂಡ್ತಾನೆ. ಅದಕ್ಕೆ ನಾನು ಅವನ ಗದ್ದೆ ನಟ್ಟಿ ಮಾಡಿಕೊಡ್ತೀನಿ. ಕೂಲಿ ಅವನೂ ಕೇಳಿಲ್ಲ, ನಾನೂ ಕೇಳಿಲ್ಲ."

"ಎಲ್ಲಾ ಒಂದೇ ಅಲ್ಲೇನಮ್ಮಾ? ಮುಯ್ಯಾಳು ಅಂದ್ರೆ ಕಚೇರೀಲಿ ಯಾರಿಗೆ ಗೊತ್ತಾಗುತ್ತೆ?"

"ಒಂದೇ ಏನ್ರಿ? ಇವತ್ತು ವಿಚಾರಣೇಲಿ ಗದ್ದೆ ಒಡೇರು ಎದ್ದು ನಿಂತು, ಆ ಕೂಲಿಯೋರನ್ನ ಕಳಿಸಿದ್ದೇ ನಾವು, ಇವಳೂ ನಮ್ಮ ಕೂಲಿಯೋಳೇ ಅಂದ್ರು. ಅಲ್ಲ ಅಂದ್ರೆ, ನಿನ್ನ ಅರ್ಜೀಲೇ ಐತಲ್ಲ ಅಂತ ನಕ್ಕರು. ಗಂಡ ಸತ್ತಮೇಲೆ ಹನ್ನೆರಡು ವರ್ಷ ಗೇಯ್ದ ಗದ್ದೆ! ಅದು ಹೋದ್ರೆ ನನ್ನನ್ನ ನೀವು ಸಾಕ್ತೀರಾ?"

ಬೀದಿಯೆಲ್ಲ ತಿರುಗಿ ನೋಡುತ್ತಿತ್ತು. ಮುಕ್ತಾರನಿಗೆ ಮೊದಲು ಅವಳ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೆ. ಚಹಾ ಒರೆಸಿ, "ಮತ್ತೆ ಯಾವಾಗ ಕರ್ದಿದ್ದಾರೆ?" ಎಂದ.

"ನಾಳೆ."

ಅವನು ಎರಡು ಫಾರಮ್ಮುಗಳ ನಡುವೆ ಕಾರ್ಬನ್ ಇಟ್ಟು ಬರೆದ. ಅವಳಿಗೆ ಓದು ಬಾರದು. "ಓದ್ರಿ" ಎಂದಳು.

"ಪರಸ್ಪರ ಸಹಕಾರದಿಂದ ಉಳುಮೆ."

"ಅದು ಯಾರ ಮಾತು? ಹೊಡೆದ್ಹಾಕ್ರಿ."

ಹೊಡೆದು ಹಾಕಿದ. ಈಗ ಅವಳು ಹೇಳುತ್ತ ಹೋದಳು. ಉಚ್ಚಂಗಪ್ಪನ ಎತ್ತು, ಅವನ ಗದ್ದೆಯಲ್ಲಿ ತಾನು ಬಗ್ಗಿದ ದಿನಗಳು, ಒಂದೂ ಬಿಡಲಿಲ್ಲ. ಬರವಣಿಗೆ ಗೆರೆ ದಾಟಿತು, ಅಂಚಿಗೆ ಹರಿಯಿತು, ಹಾಳೆಯ ಬುಡ ಮುಟ್ಟಿತು. ಹೆಬ್ಬೆಟ್ಟಿಗೆ ಉಳಿದದ್ದು ಒಂದೇ ಕಡೆ.

"ಅಲ್ಲಿ ಸಾಹೇಬರ ರುಜು ಬರ್ಬೇಕಮ್ಮಾ."

"ಅವರು ಹಿಂದ್ಗಡೆ ಹಾಕ್ಲಿ."

ಅವಳು ಹೆಬ್ಬೆರಳನ್ನು ಮಸಿಗೆ ಅದ್ದಿ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ಅವಳು ಮೇಲಿನ ಹಾಳೆ ಹಿಡಿದು ಹೋದ ಮೇಲೆ ಮುಕ್ತಾರ್ ಕಾರ್ಬನ್ ಎತ್ತಿ ನೋಡಿದ. ಕೆಳಗಿನ ನಕಲಿನಲ್ಲೂ ನೀಲಿ ಹೆಬ್ಬೆಟ್ಟು ಮೂಡಿತ್ತು.