ಜಂತಿಯಲ್ಲಿ ಸಿಕ್ಕಿಸಿಟ್ಟ ಕಾರ್ಡು

ನೀರಮಾನ್ವಿಯ ಯಮನಮ್ಮನ ಮನೆಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದೆವು. ಅವಳ ಮಗಳು ಶೇಖಮ್ಮ ಗೊಬ್ಬರದ ಖಾಲಿ ಚೀಲ ಹಾಸಿಕೊಂಡು ಎದುರಿಗೆ ಕೂತಿದ್ದಳು. ವಯಸ್ಸು ಹದಿನೇಳು. ಅಜ್ಜಿ ಹಾಸಿಗೆ ಹಿಡಿದಾಗ, ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದಳು.

"ಯಮನವ್ವಾ, ಮಾನ್ವಿಯ ಜಾಹೆದಾ ಟೀಚರ್ ದೊಡ್ಡ ಹುಡುಗೇರಿಗೆ ಸಂಜಿಮುಂದ ಇಂಗ್ಲಿಷ್, ಲೆಕ್ಕ ಹೇಳಿಕೊಡ್ತಾರ. ಹತ್ತನೇ ಪರೀಕ್ಷಿಗೆ ಪ್ರೈವೇಟಾಗಿ ಕುಂದರಬಹುದು. ಅಮಾಸಿಗೆ ಹೆಸರು ಬರಕೊಳ್ಳಾದು ಮುಗೀತದ. ನನ್ನ ಹೆಸರು ಬರಕೊಳ್ರಿ ಅಂತ ಇಕಿ ಟೀಚರಿಗೆ ಬರದಿದ್ದ ಕಾರ್ಡು ಎಲ್ಲದ?" ಎಂದೆ.

ಯಮನಮ್ಮ ಮೇಲೆ ನೋಡಿದಳು. ಯುಗಾದಿಯ ಹೊತ್ತಿಗೆ ಮಗಳು ಬರೆದ ಕಾರ್ಡು. ಯಮನಮ್ಮನೇ ಅದನ್ನು ಅಂಚೆಗೆ ಹಾಕದೆ ಜಂತಿಯ ಸಂದಿಗೆ ಸಿಕ್ಕಿಸಿದ್ದಳು. ಹೊಗೆ ಹಿಡಿದು ಹಳದಿಯಾಗಿತ್ತು.

"ಮದುವಿ ವಯಸ್ಸಿನ ಹುಡುಗಿ ಸಣ್ಣ ಹುಡುಗರ ನಡುವ ಕುಂತ್ರ ಮಂದಿ ನಗಂಗಿಲ್ಲೇನು?"

"ಅಲ್ಲಿ ಸಣ್ಣವರಿಲ್ಲ, ಎಲ್ಲಾ ಇಕಿ ವಾರಿಗಿಯವರ. ನಾ ರಾತ್ರಿ ಸಾಲಿಗಿ ಹೋದಾಗ ನನ್ನ ಮೊಮ್ಮಗ ನಡ್ಯಾಕ ಹತ್ತಿದ್ದ. ಮಂದಿ ನಕ್ಕರು. ಈಗ ಅವರ ಕಾಗದ ನಾನ ಓದಿ ಹೇಳ್ತೀನಿ."

"ಲೆಕ್ಕ ನನ್ನ ತಲಿಗಿ ಹತ್ತಂಗಿಲ್ಲ ಯವ್ವಾ," ಎಂದಳು ಶೇಖಮ್ಮ ಮೆಲ್ಲಗೆ.

ಯಮನಮ್ಮ ಭತ್ತ ನಾಟಿಯ ಹೆಂಗಸರ ಗುಂಪು ಕಟ್ಟಿಕೊಂಡು ಹೋಗುತ್ತಾಳೆ. ಹಗ್ಗ ಹಿಡಿದು ಗದ್ದೆ ಅಳೆದು, ಯಾರಿಗೆ ಎಷ್ಟು ಗುಂಟೆ ಎಂದು ಹಂಚುವವಳು ಶೇಖಮ್ಮನೇ.

"ಮೂರು ಎಕರೆ, ಹದಿನಾರು ಮಂದಿ. ತಲಿಗೆಷ್ಟು?" ಎಂದೆ.

"ಏಳೂವರಿ ಗುಂಟಿ." ಕೈಯಲ್ಲಿದ್ದ ಕಲ್ಲನ್ನು ಎಸೆಯುವ ಮೊದಲೇ ಹೇಳಿಬಿಟ್ಟಳು.

"ಅದನ್ನ ಕಾಗದದ ಮ್ಯಾಲ ಬರಿಯಾದಷ್ಟ ಉಳದದ. ಇನ್ನ ಇಂಗ್ಲಿಷ್. ಯಾವುದರ ಮ್ಯಾಲ ಕುಂತೀದಿ ನೋಡು."

ಶೇಖಮ್ಮ ಪಕ್ಕಕ್ಕೆ ಸರಿದು, ಚೀಲದ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು, "ಯೂ... ರಿಯಾ" ಎಂದು ಓದಿದಳು.

ಯಮನಮ್ಮನ ಮನಸ್ಸಿನ ಮಾತು ಆಗ ಹೊರಬಂತು. "ಹಂಗಾದ್ರ ನನಗ ಹಗ್ಗ ಹಿಡಿಯಾವರು ಯಾರು?"

"ಹಗಲು ಇಕಿನ ಹಿಡೀತಾಳ. ಸಾಲಿ ಇರಾದು ಸಂಜಿಗಿ. ಕರ್ಕೊಂಡು ಬರಾಕ ನಾ ಹೋಗ್ತೀನಿ, ಮನ್ಯಾಗ ನನಗೇನು ಕೆಲಸ?"

ಯಮನಮ್ಮ ಅಕ್ಕಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಕಾರ್ಡು ಎಳೆದು, ಸೆರಗಿನಿಂದ ಮಸಿ ಒರೆಸಿದಳು.

ಅಕ್ಕಂದಿರೇ, ಅಣ್ಣಂದಿರೇ, ನಡುವೆ ಶಾಲೆ ಬಿಟ್ಟ ದೊಡ್ಡ ಮಕ್ಕಳು ನಿಮ್ಮ ಮನೆಯಲ್ಲೂ ಇರಬಹುದು. ಹೊತ್ತು ಮೀರಿತು ಎಂದು ಕೈಬಿಡಬೇಡಿ. ಅವರು ದಿನಾ ಮಾಡುವ ಕೆಲಸದಲ್ಲೇ ಅರ್ಧ ಲೆಕ್ಕ ಇದೆ, ಅವರಿಗೇ ತೋರಿಸಿ. ಊರ ಶಾಲೆಯ ಮಾಸ್ತರರನ್ನು ಕೇಳಿ. ಬರೆದಿಟ್ಟ ಕಾಗದವಿದ್ದರೆ ಇಂದೇ ಅಂಚೆಗೆ ಹಾಕಿ.

ಯಮನಮ್ಮ ಅಂದೇ ಮಗಳನ್ನು ಕರೆದುಕೊಂಡು ಹೋದಳು. ಕಾರ್ಡು ಹಿಡಿದ ಕೈಯನ್ನು ಅಂಚೆ ಡಬ್ಬಿಯ ಬಾಯಲ್ಲಿಟ್ಟುಕೊಂಡೇ, "ಬಿತ್ತೇನು?" ಎಂದು ಕೇಳಿದಳು.

"ನೀ ಬಿಟ್ರ ಬೀಳ್ತದ ಬೇ," ಎಂದಳು ಶೇಖಮ್ಮ.

ಯಮನಮ್ಮ ಬಿಟ್ಟಳು.