ಕಿತ್ತಳೆ ಹೊಳಪು ಆರಿದ ಗಾಜು

ನೇರಳೆ ದೀಪದ ಕೆಳಗೆ ಎಡಗಡೆಯ ಗಾಜು ಕಿತ್ತಳೆಯಾಗಿ ಹೊಳೆಯುತ್ತಿದೆ, ಬಲಗಡೆಯದು ಕಪ್ಪು, ಮತ್ತೆ ನೋಡು ಮೈತ್ರಿ, ಕಣ್ಣು ಮೋಸ ಮಾಡುತ್ತದೆ — ಎಡಕ್ಕೆ ಬಳಿದದ್ದು ಬರೀ ಪಾಲಿಮರ್, ವಿದ್ಯುತ್ ಹರಿಯಬಿಡುವ ಪ್ಲಾಸ್ಟಿಕ್ಕು, ಬಲಕ್ಕೆ ಅದರೊಳಗೆ ಬೆರೆಸಿದ ಇಂಗಾಲದ ಚೆಂಡುಗಳು, ಒಂದೊಂದರಲ್ಲಿ ಅರವತ್ತು ಪರಮಾಣು, ಬೆಳಕು ಬಿದ್ದೊಡನೆ ಪಾಲಿಮರ್ ತನ್ನ ಎಲೆಕ್ಟ್ರಾನನ್ನು ಚೆಂಡಿಗೆ ಕೊಟ್ಟುಬಿಡುತ್ತದೆ, ಹೊಳೆಯಲು ಏನೂ ಉಳಿಯುವುದಿಲ್ಲ, ಹಾಗೆಂದು ನನ್ನ ನಂಬಿಕೆ, ಗೈಡ್ ಜಗದೇವ ಸರ್ ನಂಬುವುದಿಲ್ಲ, ಆರಿತು ಅಂದ್ರ ಕೊಟ್ಟಿತು ಅಂತ ಹ್ಯಾಂಗ ಹೇಳ್ತಿ, ಪಾಲಿಮರ್ರೇ ಕೆಟ್ಟು ಸತ್ತಿರಬೇಕು, ಇವತ್ತ ತೋರ್ಸು, ಇಲ್ಲಂದ್ರ ಆ ಅಧ್ಯಾಯ ತಗದ ಹಾಕು, ತೆಗೆದರೆ ನಾಲ್ಕು ವರ್ಷದ ಪ್ರಬಂಧದಲ್ಲಿ ಉಳಿಯುವುದೇನು — ಅವರದೂ ತಪ್ಪಲ್ಲ, ಏಪ್ರಿಲ್‌ನಲ್ಲಿ ಎರಡೂ ಗಾಜು ಸತ್ತಿದ್ದವು, ನನ್ನಿಂದಲೇ, ಕರೆಂಟು ಹೋಗಿ ಕಡಗಂಚಿಯ ಬಿಸಿಲಿಗೆ ಕೋಣೆ ಕುಲುಮೆಯಾಗಿತ್ತು, ಪಾಲಿಮರ್ ದ್ರಾವಣ ಕೆಟ್ಟೀತೆಂದು ಹೆದರಿ ಸೀಸೆಗೆ ಹಸಿ ಬಟ್ಟೆ ಸುತ್ತಿದೆ, ಗೊಬ್ಬೂರಿನ ತೊಗರಿ ಹೊಲದಲ್ಲಿ ಕೂಲಿಗೆ ಹೋದಾಗ ಅವ್ವ ನೀರಿನ ಕ್ಯಾನಿಗೆ ಸುತ್ತುವ ಹಾಗೆ, ಮುಚ್ಚಳ ತೆರೆದಾಗ ತೇವ ಒಳಗಿಳಿಯಿತು, ಸರ್ ಆ ಬಟ್ಟೆ ಎತ್ತಿ ಹಿಡಿದು ನಕ್ಕರು, ಏನವ್ವಾ ಮೈತ್ರಿ, ಕಳೆ ತೆಗಿಯಾಕ ಹೊಂಟೀ ಏನು, ಫೋನಿನಲ್ಲಿ ಹೇಳಿದರೆ ಅವ್ವನಿಗೆ ಸಿಟ್ಟು, ನಿಮ್ಮ ಸರ್‌ಗ ಹೇಳ ಬೇ, ನಿಮ್ಮವ್ವ ರಮಾಬಾಯಿ ನೀರು ಎಂದೂ ಕೆಟ್ಟಿಲ್ಲಂತ — ಈ ಸಲ ಒಣ ಕರಿಬಟ್ಟೆ, ಸಾರಜನಕ ತುಂಬಿದ ಪೆಟ್ಟಿಗೆ, ಎರಡೂ ಗಾಜಿಗೆ ಒಂದೇ ಸೀಸೆಯ ಪಾಲಿಮರ್, ಒಂದೇ ದಿನ, ಮೂರು ಸಲ ಪರೀಕ್ಷಿಸಿ ಬರೆದಿಟ್ಟಿದ್ದೇನೆ, ಎಡದ್ದು ಇನ್ನೂ ಹೊಳೆಯುತ್ತಿದೆ, ಅಂದರೆ ತೇವವಿಲ್ಲ, ಅಂದರೆ ಬಲದ್ದನ್ನು ನಾನು ಕೊಂದಿಲ್ಲ, ಮೀಟರ್ ಏನಂತದ ಅದನ್ನ ಹೇಳು, ಸರ್ ಬೆನ್ನ ಹಿಂದೆಯೇ ನಿಂತಿದ್ದಾರೆ, ಗಾಜಿಗೆ ಮೀಟರಿನ ತಂತಿ ಮುಟ್ಟಿಸುತ್ತೇನೆ, ಹೊಳೆಯುವ ಗಾಜಿಗೆ ಎರಡೇ ನ್ಯಾನೋ ಆಂಪಿಯರ್ ಕರೆಂಟು, ಹೊಳೆಯುವುದರಲ್ಲೇ ಅದರ ಬೆಳಕೆಲ್ಲ ಖರ್ಚು, ಈಗ ಕಪ್ಪು ಗಾಜು, ಇಪ್ಪತ್ತು, ತೊಂಬತ್ತು, ನಿಲ್ಲುತ್ತಿಲ್ಲ, ಮುನ್ನೂರ ಹತ್ತು, ಚೆಂಡಿಗೆ ಕೊಟ್ಟ ಎಲೆಕ್ಟ್ರಾನೇ ಹರಿಯುತ್ತಿದೆ — ಸರ್ ಮುಂದೆ ಬಾಗಿ ದೀಪಕ್ಕೆ ಅಂಗೈ ಅಡ್ಡ ಹಿಡಿಯುತ್ತಾರೆ, ಅಂಕಿ ಬೀಳುತ್ತದೆ, ಅಂಗೈ ತೆಗೆಯುತ್ತಾರೆ, ಏರುತ್ತದೆ, ಸತ್ತದ್ದು ಹೀಗೆ ಎದ್ದು ಬರುತ್ತದೆಯೇ ಸರ್, ಕೇಳಬೇಡ, ಸುಮ್ಮನಿರು, ಗೆದ್ದವಳು ಜೋರಾಗಿ ಉಸಿರಾಡಿದರೂ ಇವರಿಗೆ ಕೇಳಿಸೀತು, ಅಧ್ಯಾಯ ಇರಲೇನ್ರಿ ಸರ್, ಬರೇ ಇರೂದಲ್ಲವ್ವಾ, ಅದನ್ನೇ ಮೊದಲ ಹಾಕು, ಹೇಳುತ್ತಲೇ ಮತ್ತೆ ಕೈ ಚಾಚುತ್ತಾರೆ, ಐವತ್ತೆಂಟರ ಮನುಷ್ಯ, ಇದೊಂದ ಸಲ ನೋಡ್ತೇನಿ ತಡಿ, ಅಂಗೈ, ಬೀಳುತ್ತದೆ, ಅಂಗೈ ಇಲ್ಲ, ಮುನ್ನೂರ ಹತ್ತು, ಅಂಗೈ, ಅಂಗೈ ಇಲ್ಲ, ಮುನ್ನೂರ ಹತ್ತು, ಅಂಗೈ ಇಲ್ಲ, ಮುನ್ನೂರ ಹತ್ತು