ನೂರಕ್ಕೆ ಒಂಬತ್ತು

ಭತ್ತ ನೆನೆಹಾಕುವ ತೊಟ್ಟಿಯ ವಾಸನೆ ಮೊದಲ ವಾರ ಮಾತ್ರ ತೊಂದರೆ ಕೊಡುತ್ತದೆ, ಆಮೇಲೆ ಮೂಗಿಗೆ ತಿಳಿಯುವುದಿಲ್ಲ ಎಂದು ಗಿರಣಿಯವರೆಲ್ಲ ವಾಸಪ್ಪನಿಗೆ ಹೇಳಿದ್ದರು. ಮೂರು ವರ್ಷವಾದರೂ ಅವನ ಮೂಗಿಗೆ ಅದು ತಿಳಿಯುತ್ತಲೇ ಇತ್ತು. ಕುಚ್ಚಲಕ್ಕಿಗೆಂದು ಮೂರು ದಿನ ನೆನೆದ ಭತ್ತದ ನೀರು ಹುಳಿಯೇರಿ, ಮೇಲೆ ಹಳದಿ ನೊರೆ ಕಟ್ಟಿ, ಸತ್ತ ಇಲಿಯ ಹಾಗೆ ನಾರುತ್ತಿತ್ತು. ಅವನ ಕೋಣೆಯ ಕಿಟಕಿ ಆ ತೊಟ್ಟಿಗೇ ತೆರೆದುಕೊಂಡಿತ್ತು. ಒಗೆದ ಅಂಗಿ, ತಲೆದಿಂಬು, ಪುಸ್ತಕದ ಹಾಳೆ, ಎಲ್ಲಕ್ಕೂ ಅದೇ ನಾತ.

ಕೋಣೆ ಬಾಡಿಗೆಯಿಲ್ಲದೆ ಸಿಕ್ಕಿದ್ದು. ಸಾಗರದ ಹೊರಗೆ ಹೊಸನಗರದ ದಾರಿಯಲ್ಲಿದ್ದ ಆ ಅಕ್ಕಿ ಗಿರಣಿಯ ಸಾಹುಕಾರ ರಾಮಚಂದ್ರಪ್ಪನವರು, ತಮ್ಮಲ್ಲಿ ಭತ್ತ ಅಳೆಯುವ ಬೆಳ್ಳಪ್ಪನ ಮಗ ಕಾಲೇಜು ಓದುತ್ತಾನೆಂದು ತಿಳಿದಾಗ ತಾವಾಗಿಯೇ ಕೊಟ್ಟಿದ್ದರು. ಗೇಣಿ ಒಕ್ಕಲಿನ ಮನೆಯ ಹುಡುಗ ಬಿ.ಕಾಂ. ಓದುವುದು ಆ ಸುತ್ತಿನಲ್ಲಿ ಅದೇ ಮೊದಲು. ಊರಿನಲ್ಲಿ ಅವನ ತಾಯಿ ದುಗ್ಗಮ್ಮನಿಗೆ ಬಿ.ಕಾಂ. ಎಂದರೇನೆಂದು ಹೇಳಲು ಬರುತ್ತಿರಲಿಲ್ಲ. ಕೇಳಿದವರಿಗೆ, "ಅದೆಂತದೋ ವ್ಯಾಪಾರದ ಓದಂತೆ ಮಾರಾಯ್ತಿ. ವ್ಯಾಪಾರ ಮಾಡದಲ್ಲ, ಬರೇ ಓದದು" ಎನ್ನುತ್ತಿದ್ದಳು.

ಮೂರನೆಯ ವರ್ಷಕ್ಕೆ ಒಂದು ವಿಶೇಷ ವಿಷಯ ಆರಿಸಿಕೊಳ್ಳಬೇಕಿತ್ತು. ಬ್ಯಾಂಕಿಂಗ್ ಅಥವಾ ಕಾಸ್ಟಿಂಗ್. ತರಗತಿಯ ಮುಕ್ಕಾಲು ಪಾಲು ಬ್ಯಾಂಕಿಂಗಿಗೆ ಹೋಯಿತು. ವಾಸಪ್ಪನನ್ನೂ ಸೇರಿಸಿ ಐದು ಜನ ಕಾಸ್ಟಿಂಗಿನಲ್ಲಿ ಉಳಿದರು. ಒಂದು ವಸ್ತು ತಯಾರಾಗುವಾಗ ಎಲ್ಲೆಲ್ಲಿ ಎಷ್ಟೆಷ್ಟು ಖರ್ಚು, ಎಷ್ಟು ನಷ್ಟ ಎಂದು ಹುಡುಕುವ ವಿದ್ಯೆ ಅದು. ಅದರಲ್ಲಿ ಅವನಿಗೆ ಹಿಡಿಸಿದ ಮಾತೆಂದರೆ ನಾರ್ಮಲ್ ಲಾಸ್. ನೀರು ಆರುವುದು, ಹೊಟ್ಟು ಹಾರುವುದು, ಯಾರ ತಪ್ಪೂ ಇಲ್ಲದೆ ಆಗಿಯೇ ತೀರುವ ನಷ್ಟ. ಅದಕ್ಕೆ ಯಾರನ್ನೂ ದೂರಬೇಕಾಗಿಲ್ಲ.

ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಕಾರ್ಖಾನೆಯನ್ನು ನೋಡಿ ವರದಿ ಬರೆದು, ಅದರ ಮಾಲೀಕರಿಂದ ಸರ್ಟಿಫಿಕೇಟು ತರಬೇಕಿತ್ತು. ಅದಿಲ್ಲದಿದ್ದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ವಾಸಪ್ಪ ಗಿರಣಿಯನ್ನೇ ಆರಿಸಿಕೊಂಡ. ಕೊಯ್ಲು ಮುಗಿದ ಮೇಲೆ, ಅರವತ್ತಾರರ ಡಿಸೆಂಬರಿನಲ್ಲಿ, ಅಪ್ಪನಿಂದ ನೂರು ಕೊಳಗ ಹಸಿ ಭತ್ತ ಅಳೆಸಿ ಕಣಕ್ಕೆ ಹಾಕಿಸಿದ. ಮೂರು ಬಿಸಿಲು ಒಣಗಿದ ಮೇಲೆ ಒಂದು ಕಾಳೂ ಬಿಡದಂತೆ ಗುಡಿಸಿ ಅಪ್ಪನಿಂದಲೇ ಮತ್ತೆ ಅಳೆಸಿದ. ತೊಂಬತ್ತೊಂದು ಕೊಳಗವಾಯಿತು. ನಾರ್ಮಲ್ ಲಾಸ್ ನೂರಕ್ಕೆ ಒಂಬತ್ತು ಎಂದು ಇಂಗ್ಲಿಷಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದ. ಕಾಲೇಜಿನ ಕಾಸ್ಟಿಂಗ್ ಮೇಷ್ಟ್ರು ಸಹಿ ಮಾಡಿ ಸೀಲು ಒತ್ತಿದರು.

ಆ ಹಾಳೆ ಸಾಹುಕಾರರ ಕಣ್ಣಿಗೆ ಬಿತ್ತು. ಅವರು ಅದನ್ನು ಟೈಪು ಮಾಡಿಸಿ, ಸೀಲನ್ನೂ ಕಾಣುವಂತೆ ಬರೆಸಿ, ಗಂಜಿಯಲ್ಲಿ ಗಿರಣಿಯ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದರು. ಮೊದಲು, ತಂದ ಭತ್ತ ಒಣಗಿ ಕುಗ್ಗುವುದೆಂದು ಕಳೆಯುವ ಒಣಗು ಕಡಿತವೆಂದರೆ ಜಗಳದ ಮಾತು. ಸಾಹುಕಾರರು ಐದು ಎನ್ನುವರು, ತಂದವರು ಒಂದು ಎನ್ನುವರು, ಎರಡಕ್ಕೋ ಮೂರಕ್ಕೋ ನಿಲ್ಲುವುದು. ಈಗ ಜಗಳವಿರಲಿಲ್ಲ. ಹಸಿಯೋ ಒಣಗಿದ್ದೋ, ತಂದ ಭತ್ತಕ್ಕೆಲ್ಲ ಒಂಬತ್ತು ಹೋಗುತ್ತಿತ್ತು. "ನಾನು ಹೇಳಿದ್ದಲ್ಲ, ಕಾಲೇಜು ಹೇಳಿದ್ದು" ಎಂದು ಸಾಹುಕಾರರು ಗೋಡೆ ತೋರಿಸುತ್ತಿದ್ದರು. "ನಮ್ಮ ಬೆಳ್ಳಪ್ಪನ ಮಗನೇ ಬರ್ದಿದ್ದು, ಬೇರೆ ಯಾರೂ ಅಲ್ಲ." ಬೆಳ್ಳಪ್ಪ ಆಗೆಲ್ಲ ತಲೆ ತಗ್ಗಿಸಿ ಸಣ್ಣಗೆ ನಗುತ್ತಿದ್ದ. ಅದು ಹೆಮ್ಮೆಯ ನಗು.

ಮಾರ್ಚಿ ಮೊದಲ ವಾರ ಹುಲಿಯಮ್ಮ ಎಂಬ ವಿಧವೆ ಗಾಡಿಯಲ್ಲಿ ತನ್ನ ಭತ್ತದ ಅರ್ಧ ಪಾಲು ತಂದಳು. ವಾಸಪ್ಪನ ಊರಿನ ಪಕ್ಕದ ಊರಿನವಳು. ಇಳಿಸಿ ಕಡಿತದ ಮಾತು ಕೇಳಿದೊಡನೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಒಂಬತ್ತಾ? ಸಂಕ್ರಾಂತಿ ಆಗಿ ಎಷ್ಟ್ ದಿನಾತು ಲೆಕ್ಕ ಹಾಕಿ. ಅಂಗಳದಾಗೆ ಒಣಗಿ ಒಣಗಿ ಕಾಳು ಸಿಡಿಯಾಕೆ ಬಂದದೆ. ಇದ್ರಾಗೆ ಇನ್ನೆಂತ ಒಣಗ್ತದೆ, ನನ್ ಬೆವರಾ?"

"ಗೋಡೆ ನೋಡಮ್ಮ" ಎಂದರು ಸಾಹುಕಾರರು ಒಳಗಿನಿಂದಲೇ.

"ಗೋಡೆ ಉಣ್ತದಾ ಭತ್ತ?" ಎಂದು ಅವಳು ಒಂದು ಹಿಡಿ ಕಾಳು ತೆಗೆದು, ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದ ವಾಸಪ್ಪನ ಕೈಗೆ ಸುರಿದಳು. "ಓದಿದೋನು ನೀನು. ಕಚ್ಚಿ ನೋಡಿ ಹೇಳು ತಮ್ಮಾ."

ವಾಸಪ್ಪ ಕಚ್ಚಿದ. ಕಾಳು ಕಟಕ್ಕೆಂದು ಮುರಿಯಿತು. ಮುರಿದ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪ ಅಳೆಯುವುದನ್ನು ನೋಡುತ್ತ ಕೂತ. ಹುಟ್ಟಿದಾಗಿನಿಂದ ಕಂಡದ್ದಾದರೂ ಅವನು ಅದನ್ನು ನೋಡಿದ್ದು ಆ ದಿನವೇ.

ಹುಲಿಯಮ್ಮ ಗೊಣಗುತ್ತ ಒಪ್ಪಿ ಪಕ್ಕಕ್ಕೆ ಸರಿದ ಮೇಲೆ ಬೆಳ್ಳಪ್ಪ ಹಿತ್ತಾಳೆ ಪಟ್ಟಿಯ ಮರದ ಕೊಳಗವನ್ನು ಅವಳ ರಾಶಿಗೆ ಓರೆಯಾಗಿ ತಳ್ಳಿದ. ತುಂಬಿದ್ದನ್ನು ಎತ್ತುವಾಗ ಬಲ ಮೊಣಕಾಲು ಮೆಲ್ಲಗೆ ಅದರ ಪಕ್ಕೆಗೆ ತಾಗಿತು. ಕಾಳು ಕುಸಿದು ಬೆರಳಗಲ ಜಾಗವಾಯಿತು. ಎಡಗೈ ಆ ಜಾಗಕ್ಕೆ ಇನ್ನೊಂದು ಬೊಗಸೆ ಎಳೆದು ಮೇಲೆ ಗೋಪುರ ಕಟ್ಟಿತು. ಎಲ್ಲ ಒಂದೇ ಉಸಿರಿನಲ್ಲಿ, ರಾಗವಾಗಿ ಲೆಕ್ಕ ಹೇಳುತ್ತಲೇ. ಅರ್ಧ ಗಂಟೆಯ ಮೇಲೆ ಕೂಲಿಯವರಿಗೆ ಪಡಿ ಭತ್ತ ಕೊಡುವಾಗ ಅದೇ ಕೊಳಗ, ಅದೇ ರಾಗ. ಆದರೆ ಕೊಳಗ ನೆಲ ಬಿಟ್ಟು ಏಳಲಿಲ್ಲ, ಮೊಣಕಾಲು ಅಲುಗಲಿಲ್ಲ. ಭತ್ತ ಮೇಲಿನಿಂದ ಮಳೆಹನಿಯ ಹಾಗೆ ಸಡಿಲವಾಗಿ ಬಿದ್ದು ತನ್ನಷ್ಟಕ್ಕೇ ನಿಂತಿತು. ಅಂಗೈ ಅಂಚಿನ ಮೇಲೆ ಒಮ್ಮೆ ಸರಿದು ತಲೆಯನ್ನು ಸವರಿ ಹಾಕಿತು.

ವಾಸಪ್ಪ ಪುಸ್ತಕ ಮುಚ್ಚಿದ. ಡಿಸೆಂಬರಿನ ಪ್ರಯೋಗ ಕಣ್ಣೆದುರು ಬಂತು. ಭತ್ತ ಕಣಕ್ಕೆ ಹೋಗುವಾಗ ಅಪ್ಪ ಕೊಡುವ ಕೈಯಲ್ಲಿ ಸಡಿಲವಾಗಿ ಅಳೆದಿದ್ದ. ಒಣಗಿ ಬಂದಾಗ ಕೊಳ್ಳುವ ಕೈಯಲ್ಲಿ ಒತ್ತಿ ತುಂಬಿ.

ಸರ್ಕಾರ ಕಿಲೋ ತಂದು ನಾಲ್ಕೈದು ವರ್ಷವಾಗಿತ್ತು. ಗಿರಣಿಯ ತಕ್ಕಡಿ ಮಾತ್ರ ಯಾರಾದರೂ ಅಧಿಕಾರಿ ಬಂದಾಗ ಹೊರಗೆ ಬರುತ್ತಿತ್ತು. ಮಧ್ಯಾಹ್ನ ಸಾಹುಕಾರರು ಊಟಕ್ಕೆ ಹೋದಾಗ ವಾಸಪ್ಪ ಅದನ್ನು ಗೋಣಿ ಸರಿಸಿ ಹೊರತೆಗೆದ. ಡಿಸೆಂಬರಿನಲ್ಲಿ ಮಾದರಿಗೆಂದು ಕೋಣೆಯಲ್ಲಿ ಕಟ್ಟಿಟ್ಟಿದ್ದ ಪುಟ್ಟ ಚೀಲವೊಂದಿತ್ತು. ಹಸಿಯಿದ್ದಾಗ ಬಜಾರಿನ ಅಂಗಡಿಯಲ್ಲಿ ತೂಗಿಸಿ ಹತ್ತು ಕಿಲೋ ಎಂದು ಚೀಟಿ ಕಟ್ಟಿದ್ದ. ಆಮೇಲೆ ಕಣದಲ್ಲೇ ಒಣಗಿಸಿ ತಂದಿಟ್ಟದ್ದನ್ನು ಮರೆತಿದ್ದ. ಈಗ ತೂಗಿದರೆ ಒಂಬತ್ತು ಕಿಲೋ ಏಳುನೂರು ಗ್ರಾಂ. ನೂರಕ್ಕೆ ಮೂರು. ಉಳಿದ ಆರು ನೀರಲ್ಲ.

ಬೆಳ್ಳಪ್ಪ ತೊಟ್ಟಿಯ ಕಟ್ಟೆಯ ಮೇಲೆ ಕೂತು ಗಂಜಿ ಉಣ್ಣುತ್ತಿದ್ದ. ಅಷ್ಟು ನಾತದ ಪಕ್ಕ ಹೇಗೆ ಉಣ್ಣುತ್ತಾನೋ ವಾಸಪ್ಪನಿಗೆ ಎಂದೂ ತಿಳಿದಿರಲಿಲ್ಲ.

"ಅಪ್ಪಾ, ಅವತ್ತು ನನ್ ಭತ್ತ ಎರಡ್ ಸಲಾನೂ ಒಂದೇ ಕೈಯಾಗೆ ಅಳೆಯಾಕೆ ಎಂತಾಗಿತ್ತು?"

ಬೆಳ್ಳಪ್ಪ ಉಪ್ಪಿನಕಾಯಿ ನೆಕ್ಕುತ್ತ ಯೋಚಿಸಿದ. "ಯಾವ ಕೈಯಾಗೆ ಅಂತ ನೀ ಕೇಳಿದ್ಯಾ?"

"ಕೇಳಬೇಕಾ?"

"ಹೋಗದಕ್ಕೆ ಒಂದು, ಬರದಕ್ಕೆ ಒಂದು. ಮೂವತ್ತು ವರ್ಷದಿಂದ ಹಂಗೇ. ಒಡೇರ ಮನೇಲಿ ಕಲ್ಸಿದ್ದು. ತಲೆ ಮೇಲೆ ಎರಡು ಕೊಟ್ಟು ಕಲ್ಸಿದ್ರು."

"ನಮ್ಮೋರ್ ಭತ್ತಕ್ಕೂ?"

"ಭತ್ತದ ಮೇಲೆ ನಮ್ಮೋರು ನಿಮ್ಮೋರು ಅಂತ ಬರ್ದಿರ್ತದಾ?" ಬೆಳ್ಳಪ್ಪ ಬಟ್ಟಲು ಎತ್ತಿ ಗಂಜಿ ತಿಳಿ ಕುಡಿದ. "ನಿನ್ ಫೀಸು ಈ ಕೈಯಿಂದ್ಲೇ ಬಂತಲ್ಲ. ಆಗ ನಿಂಗೆ ವಾಸ್ನೆ ಬರ್ಲಿಲ್ಲ."

ವಾಸಪ್ಪ ತಿರುಗಿ ಹೊರಟುಬಿಟ್ಟ. ಅಪ್ಪನ ತುಟಿಗೆ ಅಂಟಿದ ಅಗುಳು ಕೂಡ ಅವನಿಗೆ ಅಸಹ್ಯವಾಗಿತ್ತು.

ಮರುದಿನ ಕಾಲೇಜಿನಲ್ಲಿ ಮೇಷ್ಟ್ರನ್ನು ಕಂಡ. ಅವರು ತೀರ್ಥಹಳ್ಳಿ ಕಡೆಯವರು, ಮಾತು ಮೆದು. ಸೀಮೆಸುಣ್ಣದ ತುಂಡಿನಿಂದ ಕಿವಿ ಕೆರೆಯುತ್ತ ಕೇಳಿಸಿಕೊಂಡರು.

"ವರದಿ ಯೂನಿವರ್ಸಿಟಿಗೆ ಹೋಯ್ತು ಕಣೋ. ಈಗ ತಪ್ಪು ಅಂದ್ರೆ ನಿಂದಷ್ಟೇ ಅಲ್ಲ, ನನ್ ಸಹೀನೂ ತಪ್ಪಾಯ್ತದೆ. ಸಂಖ್ಯೆ ಯಾರೂ ನೋಡಲ್ಲ, ವಿಧಾನ ನೋಡ್ತಾರೆ. ನಿನ್ ವಿಧಾನ ಚೆನ್ನಾಗಿದೆ. ಸರ್ಟಿಫಿಕೇಟು ಬಂದಿಲ್ಲ ನೋಡು ನಿಂದೊಂದೇ. ನಾಳೆ ಮೂರು ಗಂಟೆಗೆ ಕಡೆ."

ಸರ್ಟಿಫಿಕೇಟಿನ ಹಾಳೆ ಹಿಡಿದು ಸಂಜೆ ಸಾಹುಕಾರರ ಮುಂದೆ ನಿಂತ. ಅವರ ಬಾಯಲ್ಲಿ ಎಲೆಯಡಿಕೆ ತುಂಬಿತ್ತು. ಪೀಕದಾನಿಯನ್ನು ಹತ್ತಿರ ಎಳೆದು ಉಗುಳಿ, ತುಟಿ ಒರೆಸಿಕೊಂಡು, ಪೆನ್ನು ಕೈಗೆತ್ತಿಕೊಂಡವರು ವಾಸಪ್ಪನ ಮಾತು ಕೇಳಿ ಹಾಗೇ ನಿಲ್ಲಿಸಿದರು.

"ಸಾವ್ಕಾರ್ರೆ, ಆ ಗೋಡೆ ಲೆಕ್ಕ ತಪ್ಪಾಗಿದೆ. ಮೂರು ಆಗಬೇಕು."

ಸಾಹುಕಾರರಿಗೆ ಸಿಟ್ಟು ಬರಲಿಲ್ಲ. "ಆಗ್ಲಿ. ಮೂರು ಅಂತ ಸೀಲ್ ಹಾಕ್ಸ್ಕಂಡ್ ಬಾ, ಅದ್ನೂ ಅಂಟಿಸ್ತೀನಿ." ಇನ್ನೊಮ್ಮೆ ಉಗುಳಿದರು. "ಅಲ್ಲೀವರೆಗೆ ಒಂದ್ ಕೆಲ್ಸ ಮಾಡು. ಹೊಸನಗರಕ್ಕೊಂದು, ತೀರ್ಥಹಳ್ಳಿಗೊಂದು ಕನ್ನಡದಾಗೆ ಬರ್ದ್ ಕೊಡು. ಅಲ್ಲಿ ನಮ್ ನೆಂಟರ ಗಿರಣಿ ಅವೆ. ನಿನ್ ಅಕ್ಷರ ಚಂದ. ಬರ್ದಾದ್ಮೇಲೆ ಸೈನು."

ವಾಸಪ್ಪ ಬರೆಯದೆ ಹೊರಗೆ ಬಂದ. ಬೆಳ್ಳಪ್ಪ ಬಾಗಿಲ ಹಿಂದೆಯೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಬರ್ಕೊಟ್ಟುಬಿಡು" ಎಂದ ತಗ್ಗಿದ ದನಿಯಲ್ಲಿ. "ಮೂರು ವರ್ಷ ಓದಿ ಈಗ ಎಂತ ಮಾಡ್ತೀಯ. ನಾಳೆಯಿಂದ ಇಲ್ಲಿ ನಾನು ಕೊಡೋ ಕೈಯಾಗೇ ಅಳೀತೀನಿ. ನೀ ಒಂಬತ್ತು ಕಡೀ, ನಾ ಆರು ತುಂಬ್ತೀನಿ. ಸಮ ಆಯ್ತದೆ. ಸಾವ್ಕಾರಂಗೆ ಗೊತ್ತಾಗದಿಲ್ಲ."

"ಹೊಸನಗರದಾಗೆ ಯಾರ್ ತುಂಬ್ತಾರೆ?"

ಬೆಳ್ಳಪ್ಪ ಬಾಗಿಲಾಚೆ ಒಮ್ಮೆ ಇಣುಕಿದ. "ಹುಲಿಯಮ್ಮಂದು ಉಳಿದ ಅರ್ಧ ನಾಳೆ ಬರ್ತದೆ. ಅದ್ರಿಂದ್ಲೇ ಸುರು ಮಾಡಾನ" ಎಂದ.

ಆ ಮಾತನ್ನು ಹಿಡಿದುಕೊಂಡೇ ವಾಸಪ್ಪ ಒಳಗೆ ಹೋಗಿ ಕೂತ. ಎರಡು ಹಾಳೆ, ದುಂಡಗಿನ ಅಕ್ಷರ. ಒಣಗು ಕಡಿತ ನೂರಕ್ಕೆ ಒಂಬತ್ತು. ಕೆಳಗೆ ತನ್ನ ಹೆಸರು. ಮಸಿ ಆರುವ ಮೊದಲೇ ಸಾಹುಕಾರರು ಸರ್ಟಿಫಿಕೇಟಿಗೆ ಸಹಿ ಹಾಕಿದರು. ಹೆಬ್ಬೆರಳಿನ ಎಲೆಯಡಿಕೆ ಕೆಂಪು ಹಾಳೆಯ ಮೂಲೆಯಲ್ಲಿ ಅಚ್ಚಾಯಿತು.

ಬೆಳಗಿನ ಬಸ್ಸಿಗೆ ಎರಡೂ ಹಾಳೆ ಹೊರಟುಹೋದವು. ಹತ್ತು ಗಂಟೆಗೆ ಹುಲಿಯಮ್ಮನ ಗಾಡಿ ಬಂತು. ಸಾಹುಕಾರರು ಕಾರ್ಗಲ್ಲಿನ ವಿದ್ಯುತ್ ಯೋಜನೆಯ ಕಾಲೊನಿಗೆ ಕಳಿಸುವ ಅಕ್ಕಿ ಮೂಟೆಗೆ ಗುರುತು ಹಾಕಿಸುತ್ತ ಅತ್ತ ಇದ್ದರು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. ಬೆಳ್ಳಪ್ಪ ಮಗನ ಕಡೆ ಒಮ್ಮೆ ನೋಡಿ ಕೊಳಗವನ್ನು ನೆಲದ ಮೇಲಿಟ್ಟ. ಬುಟ್ಟಿಯಿಂದ ಮೆಲ್ಲಗೆ ಸುರಿದ. ಅಂಚು ಸವರಿದ. ಮೊದಲನೆಯದು ಸರಿಯಾಗಿ ಬಂತು. ಎರಡನೆಯದೂ ಬಂತು. ಅವನ ಹಣೆಯಲ್ಲಿ ಬೆವರು ಮೂಡಿತು. ಎಷ್ಟೋ ವರ್ಷದಿಂದ ಅಷ್ಟು ನಿಧಾನವಾಗಿ ಅವನು ಅಳೆದಿರಲಿಲ್ಲ. ರಾಗ ತಪ್ಪಿತು. ರಾಗ ಹಿಡಿಯಲು ದನಿ ಏರಿಸಿದ. ಮೂರನೆಯದಕ್ಕೆ ರಾಗ ಸಿಕ್ಕಿತು. ರಾಗ ಸಿಕ್ಕಿದೊಡನೆ ಕೊಳಗ ತಾನಾಗಿ ಓರೆಯಾಗಿ ರಾಶಿಗೆ ನುಗ್ಗಿತು, ಮೊಣಕಾಲು ಎದ್ದು ಅದರ ಪಕ್ಕೆಗೆ ತಾಗಿತು.

ಬೆಳ್ಳಪ್ಪ ನಿಂತುಬಿಟ್ಟ. ತನ್ನ ಕಾಲನ್ನು ಬೇರೆಯವರ ಕಾಲಿನಂತೆ ನೋಡಿದ. ಕೊಳಗವನ್ನು ರಾಶಿಗೆ ಸುರಿದು ಮತ್ತೆ ಮೊದಲಿನಿಂದ ತೆಗೆದ. ಮೂರಕ್ಕೋ ನಾಲ್ಕಕ್ಕೋ ಮೊಣಕಾಲು ಮತ್ತೆ ಎದ್ದಿತು. ಲೆಕ್ಕ ಬಿಟ್ಟು ಬಾಯಿ ಮುಚ್ಚಿ ಅಳೆದ, ಆಗಲೂ ಎದ್ದಿತು.

ಹುಲಿಯಮ್ಮ ಎಲ್ಲ ನೋಡುತ್ತಿದ್ದಳು. "ಎಂತ ಬೆಳ್ಳಣ್ಣ, ಕಾಲಿಗೆ ಇರುವೆ ಕಚ್ತದಾ?"

ಬೆಳ್ಳಪ್ಪ ಹಣೆ ಒರೆಸಿಕೊಂಡ. ಅವಳು ಬೆಳ್ಳಪ್ಪನ ಕಾಲನ್ನೂ ಕೊಳಗವನ್ನೂ ಗೋಡೆಯ ಹಾಳೆಯನ್ನೂ ಒಂದೊಂದಾಗಿ ನೋಡಿದಳು.

"ಆ ಹಾಳೆ ತಪ್ಪು, ಹುಲಿಯಮ್ಮತ್ತೆ" ಎಂದ ವಾಸಪ್ಪ. "ಅದು ಮೂರು. ನಾನು ತಪ್ಪು ಬರ್ದಿದ್ದು."

"ತಪ್ಪಾದ್ರೆ ಹರ್ದ್ ಹಾಕು. ಕೈಗೆಟುಕ್ತದಲ್ಲ."

ವಾಸಪ್ಪ ಅಂಗಿಯ ಜೇಬು ಮುಟ್ಟಿಕೊಂಡ. ಒಳಗೆ ಸರ್ಟಿಫಿಕೇಟಿತ್ತು. ಮೂರು ಗಂಟೆಯವರೆಗೆ ಅದನ್ನು ಯಾರೂ ಕಿತ್ತುಕೊಳ್ಳಬಾರದಾಗಿತ್ತು. "ಬೇರೆ ಕಡೆಗೂ ಹೋಗ್ಬಿಟ್ಟದೆ" ಎಂದ.

ಹುಲಿಯಮ್ಮ ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಭತ್ತವನ್ನು ಬುಟ್ಟಿಬುಟ್ಟಿಯಾಗಿ ಚೀಲಕ್ಕೆ ತಿರುಗಿ ತುಂಬತೊಡಗಿದಳು. ಬೆಳ್ಳಪ್ಪ ಚೀಲದ ಬಾಯಿ ಹಿಡಿಯಲು ಹೋದಾಗ, "ಮುಟ್ಟಬ್ಯಾಡ" ಎಂದಳು, ಅಷ್ಟೇ. ಗಾಡಿ ಹೊಡೆದುಕೊಂಡು ಹೋಗುವಾಗ ಗೋಡೆಯ ಹತ್ತಿರ ಎತ್ತು ನಿಲ್ಲಿಸಿ, ಹಾಳೆಗಲ್ಲ, ಅದರ ಕೆಳಗಿನ ನೆಲಕ್ಕೆ ಉಗಿದಳು.

ಎರಡೂವರೆಗೆ ವಾಸಪ್ಪ ಕಾಲೇಜಿನ ಆಫೀಸಿನ ಕಿಂಡಿಯ ಮುಂದಿದ್ದ. ದಾರಿಯ ಕೊಳಾಯಿಯಲ್ಲಿ ಎರಡು ಸಲ ಕೈ ತೊಳೆದಿದ್ದ. ಗುಮಾಸ್ತರು ಸರ್ಟಿಫಿಕೇಟು ತೆಗೆದುಕೊಂಡರು, ಸಹಿ ನೋಡಿದರು. ಆಮೇಲೆ ಹಾಳೆಯನ್ನು ಮೂಗಿನ ಹತ್ತಿರ ತಂದು ಮುಖ ಕಿವಿಚಿದರು.

"ಎಂತ ನಾತ ಮಾರಾಯ ಇದು. ಎಲ್ಲಿಟ್ಟಿದ್ದೆ?"

"ಜೇಬಿನಲ್ಲಿ ಸಾರ್."

ಗುಮಾಸ್ತರು ಎರಡೇ ಬೆರಳಿನಲ್ಲಿ ಹಿಡಿದು ಅದನ್ನು ಉಳಿದ ನಾಲ್ಕರ ಕೆಳಗೆ ತಳ್ಳಿ, ರಿಜಿಸ್ಟರಿನಲ್ಲಿ ಅವನ ಹೆಸರಿನ ಮುಂದೆ ಗುರುತು ಹಾಕಿದರು. "ಹಾಲ್ ಟಿಕೆಟ್ಟು ಸೋಮವಾರ" ಎಂದು ಕಿಂಡಿ ಮುಚ್ಚಿದರು.